ಪ್ಯಾಡ್‌ನಿಂದ ತೊಡೆಸಂದು ಉರಿಯುತ್ತಿದ್ದರೆ

ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಅಪ್ಪನಿಗೆ ಮೂತ್ರ ಸೋರುತ್ತಿತ್ತು, ಅದಕ್ಕೆ ಪ್ಯಾಡ್ ಹಾಕುತ್ತಿದ್ದರು. ತೊಡೆಸಂದು ಕೆಂಪಾಗಿ, ನಾಲ್ಕು ಹೆಜ್ಜೆ ನಡೆದರೂ ಉರಿ. ಮಡಿಕೇರಿಯ ಕಕ್ಕಡ ತಿಂಗಳ ಮಳೆ ಬೇರೆ, ಬಟ್ಟೆ ಒಣಗುವುದೇ ಇಲ್ಲ ಅಲ್ವಾ? ಹಸಿ ಚಡ್ಡಿ ಹಾಕಿದರೆ ಇನ್ನೂ ಜಾಸ್ತಿ. ಒಲೆ ಹತ್ತಿರ ಪೂರ್ತಿ ಒಣಗಿಸಿಯೇ ಕೊಡುತ್ತಿದ್ದೆವು.

ಪ್ಯಾಡ್ ಒದ್ದೆಯಾದ ಕೂಡಲೇ ಬದಲಿಸಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಮೆತ್ತನೆ ಹತ್ತಿ ಬಟ್ಟೆಯನ್ನು ಒತ್ತಿ ಒತ್ತಿ ನೀರು ಹೀರಿಸಿ. ಉಜ್ಜಬೇಡಿ. ಆಮೇಲೆ ಜಿಂಕ್ ಆಕ್ಸೈಡ್ ಕ್ರೀಮ್, ಮಕ್ಕಳ ಡೈಪರ್ ಗುಳ್ಳೆಗೆ ಹಚ್ಚುತ್ತೇವಲ್ಲ, ಅದೇ. ತೆಳುವಾಗಿ ಸಾಕು. ದಪ್ಪಗೆ ಬಳಿದರೆ ಪ್ಯಾಡ್ ಸರಿಯಾಗಿ ಹೀರುವುದಿಲ್ಲ. ಡೆಟಾಲ್, ಪೌಡರ್ ಬೇಡವೇ ಬೇಡ.

ಸೋರುತ್ತದೆಂದು ಸುಮ್ನೆ ನೀರು ಕುಡಿಯುವುದನ್ನು ಬಿಡಬೇಡಿ. ಕೆಂಪಾದ ಜಾಗದ ಸುತ್ತ ಸಣ್ಣ ಕೆಂಪು ಗುಳ್ಳೆ ಎದ್ದರೆ ಫಂಗಸ್ ಇರಬಹುದು, ನಾಚಿಕೊಳ್ಳದೆ ಡಾಕ್ಟರಿಗೆ ತೋರಿಸಿ.