ಸಣ್ಣ ಕಾರ್ಖಾನೆಯಲ್ಲಿ ಪರಿಸರ ನಿರ್ವಹಣಾ ವ್ಯವಸ್ಥೆ: ಎಲ್ಲಿಂದ ಆರಂಭಿಸಬೇಕು?

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳ ಸಣ್ಣ ಬಿಡಿಭಾಗ ತಯಾರಕರಿಗೆ ಪರಿಸರ ನಿರ್ವಹಣಾ ವ್ಯವಸ್ಥೆಯ ಪರಿಚಯವಾಗುವುದು ಸಾಮಾನ್ಯವಾಗಿ ದೊಡ್ಡ ಗ್ರಾಹಕ ಕಂಪನಿಯ ಪತ್ರದಿಂದ: ಇಂತಿಷ್ಟು ತಿಂಗಳೊಳಗೆ ಐಎಸ್‌ಒ 14001 (ಪರಿಸರ ನಿರ್ವಹಣಾ ವ್ಯವಸ್ಥೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರ ಒದಗಿಸತಕ್ಕದ್ದು. ಪತ್ರ ಕೈಸೇರಿದ ವಾರದಲ್ಲೇ ಸಲಹೆಗಾರರೊಬ್ಬರಿಂದ ಸಿದ್ಧ ಕಡತ ಕೊಳ್ಳುವ ಮಾಲೀಕರಿದ್ದಾರೆ. ಇನ್ನೊಬ್ಬರ ಹೆಸರು ಅಳಿಸಿ ತಮ್ಮ ಹೆಸರು ಕೂರಿಸಿದ ಅಂಥ ಕಡತದಲ್ಲಿ, ಕಾರ್ಖಾನೆಯಲ್ಲಿಲ್ಲದ ಬಾಯ್ಲರ್‌ಗೆ ಎರಡು ಪುಟ ಮೀಸಲಾಗಿರುತ್ತದೆ. ದಿನವೂ ಬಳಸುವ ಕೂಲಂಟ್ (ಲೋಹ ಕತ್ತರಿಸುವಾಗ ತಂಪಾಗಿಡುವ ದ್ರವ) ತೊಟ್ಟಿಯ ಮಾತೇ ಇರುವುದಿಲ್ಲ. ಹತ್ತು-ಹನ್ನೆರಡು ಯಂತ್ರಗಳ ಘಟಕವು ಈ ಕೆಲಸದ ಬಹುಪಾಲನ್ನು ತಾನೇ ಮಾಡಿಕೊಳ್ಳಬಹುದು, ಮಾಡಿಕೊಳ್ಳುವುದೇ ಲೇಸು.

1996ರಲ್ಲಿ ಮೊದಲು ಪ್ರಕಟವಾಗಿ 2004 ಮತ್ತು 2015ರಲ್ಲಿ ಪರಿಷ್ಕೃತಗೊಂಡ ಈ ಮಾನದಂಡವು ಇಂತಿಷ್ಟೇ ಹೊಗೆ, ಇಂತಿಷ್ಟೇ ಕೊಳಚೆ ಎಂಬ ಮಿತಿಗಳನ್ನು ಹೇಳುವುದಿಲ್ಲ. ಆ ಮಿತಿಗಳು ಕಾನೂನಿನವು. ಯೋಜಿಸು, ಮಾಡು, ಪರಿಶೀಲಿಸು, ತಿದ್ದು ಎಂಬ ಆವರ್ತನ ನಿಮ್ಮಲ್ಲಿ ನಡೆಯುತ್ತಿದೆಯೇ ಎಂಬುದಷ್ಟೇ ಅದರ ಪ್ರಶ್ನೆ. 2015ರ ಆವೃತ್ತಿಯು ದಪ್ಪ ಕೈಪಿಡಿಯನ್ನೂ ಕೇಳುವುದಿಲ್ಲ.

ಮೊದಲ ಕೆಲಸ, ನಿಮ್ಮ ಸುತ್ತಲಿನ ಪರಿಸ್ಥಿತಿಯನ್ನು ಬರೆದಿಡುವುದು. ಕೋಲಾರದಲ್ಲಿ ಇದು ನೀರಿನಿಂದಲೇ ಶುರುವಾಗಬೇಕು. ಸದಾ ಹರಿಯುವ ನದಿಯಿಲ್ಲದ, ಅಂತರ್ಜಲದ ಅತಿಬಳಕೆಗೆ ಹೆಸರಾದ ಜಿಲ್ಲೆಯಿದು, 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರನ್ನು ಇಲ್ಲಿನ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಕೆರೆಯ ನೀರು ಇಂಗಿ ಕೊಳವೆಬಾವಿಗೆ ಸೇರಲೆಂಬುದೇ ಉದ್ದೇಶವಾಗಿರುವಾಗ, ಕಾರ್ಖಾನೆಯ ಹಿಂಬದಿಯ ಚರಂಡಿ ಯಾವ ಕೆರೆಗೆ ಹರಿಯುತ್ತದೆ ಎಂಬುದನ್ನು ಮಾಲೀಕರು ನಡೆದುಹೋಗಿ ನೋಡಿ ಬರಬೇಕು. ಆ ಬಳಿಕ ಒಂದು ಪುಟದ ಪರಿಸರ ನೀತಿ ಬರೆಯಿರಿ. ಅದರಲ್ಲಿ ಪರಿಸರ ರಕ್ಷಣೆ, ಕಾನೂನು ಪಾಲನೆ, ನಿರಂತರ ಸುಧಾರಣೆ ಎಂಬ ಮೂರು ಬದ್ಧತೆಗಳಿರಬೇಕು. ಕನ್ನಡದಲ್ಲೇ ಬರೆದರೆ ಕಾರ್ಮಿಕರೂ ಓದಿಯಾರು.

ವ್ಯವಸ್ಥೆಯ ಜೀವಾಳವೆಂದರೆ ಪರಿಸರ ಅಂಶಗಳ, ಅಂದರೆ ಪರಿಸರದ ಮೇಲೆ ಪರಿಣಾಮ ಬೀರಬಲ್ಲ ಸಂಗತಿಗಳ, ಪಟ್ಟಿ. ಕಚ್ಚಾ ಉಕ್ಕು ಇಳಿಯುವ ಗೇಟಿನಿಂದ ಸಿದ್ಧ ಬಿಡಿಭಾಗ ಹೊರಡುವ ಗೇಟಿನವರೆಗೆ, ಮೇಲ್ವಿಚಾರಕರನ್ನೂ ಇಬ್ಬರು ಆಪರೇಟರ್‌ಗಳನ್ನೂ ಜೊತೆಗೆ ಕರೆದುಕೊಂಡು, ಪ್ರತಿ ಯಂತ್ರದ ಮುಂದೆ ನಿಂತು, ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ ಎಂದು ಬರೆದುಕೊಳ್ಳಿ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗೆ ವಿದ್ಯುತ್ತು, ಕೂಲಂಟ್, ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗುತ್ತವೆ; ಎಣ್ಣೆ ಮೆತ್ತಿದ ಲೋಹದ ಚೂರು, ಕೆಟ್ಟ ಕೂಲಂಟ್, ಒರೆಸಿದ ಬಟ್ಟೆ ಹೊರಗೆ ಬರುತ್ತವೆ. ಚೂರುಗಳನ್ನು ಬಯಲಿನಲ್ಲಿ ರಾಶಿ ಹಾಕಿದರೆ ಮೊದಲ ಮಳೆಗೇ ಎಣ್ಣೆ ತೊಳೆದು ಚರಂಡಿ ಸೇರುತ್ತದೆ. ಎಲ್ಲವೂ ಸರಿಯಾಗಿರುವ ದಿನದ ಜೊತೆಗೆ ಪೀಪಾಯಿ ಉರುಳಿದ ದಿನ, ಬೆಂಕಿ ಬಿದ್ದ ದಿನಗಳನ್ನೂ ಊಹಿಸಿಕೊಳ್ಳಬೇಕು. ಬಳಿಕ ಪ್ರತಿ ಅಂಶಕ್ಕೂ ಎಷ್ಟು ಸಲ ಸಂಭವಿಸುತ್ತದೆ, ಹಾನಿ ಎಷ್ಟು, ಕಾನೂನು ಅನ್ವಯಿಸುತ್ತದೆಯೇ ಎಂಬುದರ ಮೇಲೆ ಅಂಕ ನೀಡಿ. ಎಲ್ಲ ಅಂಶಗಳಿಗೂ ಒಂದೇ ಅಂಕ ಬಂದಿದ್ದರೆ ಪಟ್ಟಿ ಕಚೇರಿಯಲ್ಲೇ ಕೂತು ಬರೆದದ್ದೆಂದು ಯಾರಿಗಾದರೂ ತಿಳಿಯುತ್ತದೆ.

ಕಾನೂನಿನ ಪಟ್ಟಿ ಬೇರೆಯೇ ಇರಲಿ. 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನೀಡುವ ಸಮ್ಮತಿ ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದರೆ ಸಾಲದು. ಅದರ ಒಂದೊಂದು ಷರತ್ತನ್ನೂ ಯಾರು, ಯಾವಾಗ ಪಾಲಿಸಬೇಕೆಂದು ಬರೆದಿಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯಂಥ ತ್ಯಾಜ್ಯವನ್ನು, ಮಂಡಳಿ ಅವಧಿ ವಿಸ್ತರಿಸದ ಹೊರತು, 90 ದಿನಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳುವಂತಿಲ್ಲ. ಅಧಿಕೃತ ಮರುಸಂಸ್ಕರಣಾ ಘಟಕಕ್ಕೆ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ ಪತ್ರ) ಸಹಿತ ಕಳುಹಿಸಬೇಕು, ಜೂನ್ 30ರೊಳಗೆ ವಾರ್ಷಿಕ ವಿವರ ಸಲ್ಲಿಸಬೇಕು. ಪೀಪಾಯಿಗಿಷ್ಟು ಎಂದು ನಗದು ಕೊಟ್ಟು ಒಯ್ಯುವ ಗುಜರಿಯವನ ಲೆಕ್ಕ ಇಲ್ಲಿ ನಡೆಯದು. ಡೀಸೆಲ್ ಜನರೇಟರ್‌ನ ಹೊಗೆ ಕೊಳವೆಯನ್ನೂ ಅಳೆಯಿರಿ: 100 ಕೆವಿಎ ಯಂತ್ರವಾದರೆ ಅದು ಕಟ್ಟಡಕ್ಕಿಂತ 2 ಮೀಟರ್ ಎತ್ತರವಿರಬೇಕು.

ಗುರಿಗಳನ್ನು ಎರಡು-ಮೂರಕ್ಕೆ ಸೀಮಿತಗೊಳಿಸಿ, ಅಳೆಯಲು ಬರುವಂಥವನ್ನೇ ಆರಿಸಿ. ಕೂಲಂಟ್ ಅತ್ಯುತ್ತಮ ಆರಂಭ. ಯಂತ್ರದಿಂದ ಸೋರಿದ ಎಣ್ಣೆ ಮೇಲೆ ತೇಲಿ ಗಾಳಿ ತಡೆದಾಗ ಬ್ಯಾಕ್ಟೀರಿಯಾ ಬೆಳೆದು ಕೂಲಂಟ್ ನಾರುತ್ತದೆ. ಆಪರೇಟರ್ ಇಡೀ ತೊಟ್ಟಿಯನ್ನೇ ಖಾಲಿ ಮಾಡುತ್ತಾನೆ. ತೇಲುವ ಎಣ್ಣೆಯನ್ನು ಸ್ಕಿಮ್ಮರ್‌ನಿಂದ ತೆಗೆದು, ರಿಫ್ರ್ಯಾಕ್ಟೋಮೀಟರ್‌ನಿಂದ ಸಾಂದ್ರತೆ ನೋಡಿ, ಬರೆದಿಡುತ್ತಾ ಹೋದರೆ ಅದೇ ಕೂಲಂಟ್ ಬಹಳ ದಿನ ಬಾಳುತ್ತದೆ, ನೀರೂ ಉಳಿಯುತ್ತದೆ. ಎರಡನೆಯದು ಯಂತ್ರಗಳಿಗೆ ಒತ್ತಡದ ಗಾಳಿ ಒದಗಿಸುವ ಕಂಪ್ರೆಸರ್. ವಾರದ ರಜೆಯ ದಿನ, ಯಾವ ಯಂತ್ರವೂ ಗಾಳಿ ಬಳಸದಿರುವಾಗ, ಅದನ್ನು ಚಾಲೂ ಮಾಡಿ ನಿಲ್ಲಿ. ಮತ್ತೆ ಮತ್ತೆ ಲೋಡ್ ತೆಗೆದುಕೊಂಡರೆ (ಗಾಳಿ ತುಂಬಲು ಶುರುಮಾಡಿದರೆ) ಅಷ್ಟೂ ಸೋರಿಕೆಯೇ, ಅಷ್ಟೂ ಬೆಸ್ಕಾಂ ಬಿಲ್ಲೇ.

ತರಬೇತಿ ಯಂತ್ರದ ಪಕ್ಕದಲ್ಲೇ ನಡೆಯಲಿ. ಎಣ್ಣೆ ಚೆಲ್ಲಿದರೆ ಮರಳಿನ ಬಕೆಟ್ ಎಲ್ಲಿದೆ ಎಂಬುದನ್ನು ರಾತ್ರಿ ಪಾಳಿಯವರಿಗೂ ತೋರಿಸಿ, ಅಣಕು ಕಾರ್ಯಾಚರಣೆಯನ್ನು ಒಮ್ಮೆಯಾದರೂ ಮಾಡಿಸಿ.

ಮೂರು-ನಾಲ್ಕು ತಿಂಗಳ ದಾಖಲೆ ಕೈಸೇರಿದ ಮೇಲೆ ಆಂತರಿಕ ಆಡಿಟ್ ನಡೆಸಿ. ತಮ್ಮ ವಿಭಾಗವನ್ನು ತಾವೇ ಪರಿಶೀಲಿಸುವಂತಾಗಬಾರದು. ದೋಷ ಸಿಕ್ಕರೆ ಅದರ ಮೂಲ ಹುಡುಕಿ ಸರಿಪಡಿಸಿ, ಮಾಲೀಕರೇ ಕೂತು ಪರಾಮರ್ಶಿಸಿ, ಆಮೇಲೆ ಪ್ರಮಾಣೀಕರಣ ಸಂಸ್ಥೆಯನ್ನು ಕರೆಯಿರಿ. ಐಎಸ್‌ಒ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಆದ್ದರಿಂದ ಕರೆಯುವ ಸಂಸ್ಥೆಗೆ ಎನ್‌ಎಬಿಸಿಬಿಯಂಥ (ಪ್ರಮಾಣೀಕರಣ ಸಂಸ್ಥೆಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಂಡಳಿಯ ಮಾನ್ಯತೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಆಡಿಟ್ ಎರಡು ಹಂತಗಳಲ್ಲಿ ನಡೆಯುತ್ತದೆ: ಮೊದಲನೆಯದರಲ್ಲಿ ದಾಖಲೆ ಹಾಗೂ ಸಿದ್ಧತೆ, ಎರಡನೆಯದರಲ್ಲಿ ಕಾರ್ಯಾಚರಣೆ. ಪ್ರಮಾಣಪತ್ರದ ಅವಧಿ ಮೂರು ವರ್ಷ, ನಡುವೆ ಪ್ರತಿ ವರ್ಷ ಕಣ್ಗಾವಲು ಆಡಿಟ್ ಇರುತ್ತದೆ. ಎರಡನೆಯ ಹಂತದಲ್ಲಿ ಆಡಿಟರ್ ಲೇತ್ ಮುಂದೆ ನಿಂತವನನ್ನೇ ‘ಈ ಕೂಲಂಟ್ ಕೆಟ್ಟರೆ ಎಲ್ಲಿಗೆ ಹಾಕುತ್ತೀಯಪ್ಪ?’ ಎಂದು ಕೇಳಬಹುದು. ಆಗ ಉತ್ತರ ಹೇಳಬೇಕಾದವನು ಅವನೇ. ಮಾಲೀಕರು ನಡುವೆ ಬಾಯಿ ಹಾಕುವಂತಿಲ್ಲ.