ಸಿಪಿಯು ಖಾಲಿ ಇತ್ತು, ನಮ್ಮ ಪ್ರಾಸೆಸ್ ಕಾಯುತ್ತಿತ್ತು

"ಅಕ್ಕಾ, ಮಷೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೋರ್ ಖಾಲಿ ಬಿದ್ದಿವೆ. ಆದ್ರೂ ನಮ್ ಸರ್ವಿಸ್ ಯಾಕೆ ಎಳೀತಿದೆ?" ಎಂದು ಟೀಮಿನ ಹುಡುಗ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ನಮ್ಮ ಆಫೀಸು ಬೆಳ್ಳಂದೂರಿನಲ್ಲಿತ್ತು. ಗೋ ಭಾಷೆಯಲ್ಲಿ ಬರೆದ ಸರ್ವಿಸ್, 32 ಕೋರ್ ಮಷೀನಿನಲ್ಲಿ, ಬೇರೆ ಪ್ರೋಗ್ರಾಂಗಳಿಂದ ಪ್ರತ್ಯೇಕಿಸಿದ ಒಂದು ಕಂಟೇನರ್ ಒಳಗೆ ಓಡುತ್ತಿತ್ತು. ಆ ಕಂಟೇನರ್‌ಗೆ 2 ಸಿಪಿಯು ಮಿತಿ ಹಾಕಿದ್ದೆವು. 20 ಮಿಲಿಸೆಕೆಂಡಿನಲ್ಲಿ ಬರಬೇಕಾದ ಉತ್ತರ ಆಗಾಗ 110 ಮುಟ್ಟುತ್ತಿತ್ತು. ಡ್ಯಾಶ್‌ಬೋರ್ಡ್ ನೋಡಿದರೆ ಆ 2 ಸಿಪಿಯುನಲ್ಲೂ ಅರ್ಧದಷ್ಟೇ ಬಳಕೆ.

ನಾನು ಮೊದಲು ಕೈ ಹಾಕಿದ್ದು ನೈಸ್ ಮೌಲ್ಯಕ್ಕೆ, ಅಂದರೆ ಪ್ರಾಸೆಸ್‌ಗೆ ಕೊಡುವ ಆದ್ಯತೆಯ ಸಂಖ್ಯೆಗೆ. ಅದು ತಪ್ಪು ಜಾಗ, ಆದರೆ ಯಾರು ಯಾವಾಗ ಸಿಪಿಯು ಮೇಲೆ ಓಡಬೇಕೆಂದು ನಿರ್ಧರಿಸುವ ಶೆಡ್ಯೂಲರ್ ಹೇಗೆ ಯೋಚಿಸುತ್ತದೆ ಎಂದು ನನಗೆ ಮನದಟ್ಟಾದದ್ದು ಅಲ್ಲೇ. ಲಿನಕ್ಸ್‌ನ ತಿರುಳಾದ ನಮ್ಮ ಕರ್ನಲ್‌ನಲ್ಲಿ ಇದ್ದ ಶೆಡ್ಯೂಲರ್ ಸಿಎಫ್‌ಎಸ್. ಇಂಗೋ ಮೋಲ್ನಾರ್ ಬರೆದ ಇದು 2007ರಲ್ಲಿ ಲಿನಕ್ಸ್ 2.6.23ರ ಜೊತೆ ಬಂತು. ಪ್ರತಿ ಥ್ರೆಡ್ (ಪ್ರಾಸೆಸ್ ಒಳಗೆ ಓಡುವ ಒಂದು ಎಳೆ) ಇಲ್ಲಿಯವರೆಗೆ ಎಷ್ಟು ಹೊತ್ತು ಓಡಿದೆ ಎಂಬ ಲೆಕ್ಕವನ್ನು ಅದು ಇಡುತ್ತದೆ. ಯಾರ ಲೆಕ್ಕ ಎಲ್ಲಕ್ಕಿಂತ ಕಡಿಮೆಯೋ ಅವರಿಗೇ ಮುಂದಿನ ಸರದಿ. ನೈಸ್ ಮೌಲ್ಯ ಈ ಲೆಕ್ಕ ಏರುವ ವೇಗವನ್ನು ಬದಲಿಸುತ್ತದೆ, ಅಷ್ಟೇ. ನೈಸ್ ಸಂಖ್ಯೆ ಹೆಚ್ಚಿದಷ್ಟೂ ತೂಕ, ಅಂದರೆ ಸಿಗುವ ಪಾಲು, ಕಡಿಮೆ: ನೈಸ್ 0ಕ್ಕೆ 1024, ನೈಸ್ 5ಕ್ಕೆ 335.

ಇದನ್ನು ಕಣ್ಣಾರೆ ನೋಡಬೇಕೆನಿಸಿತು. ಮನೆಯಲ್ಲಿ ಲ್ಯಾಪ್‌ಟಾಪ್ ತೆಗೆದು, ಸುಮ್ಮನೆ ಸುತ್ತುತ್ತಲೇ ಇರುವ ಎರಡು ಲೂಪ್‌ಗಳನ್ನು ಟಾಸ್ಕ್‌ಸೆಟ್ ಕಮಾಂಡಿನಿಂದ ಒಂದೇ ಕೋರಿಗೆ ಕಟ್ಟಿಹಾಕಿದೆ. ಎರಡೂ ನೈಸ್ 0 ಇದ್ದಾಗ, ಶೇಕಡಾವಾರು ಸಿಪಿಯು ಬಳಕೆ ತೋರಿಸುವ ಟಾಪ್‌ನಲ್ಲಿ 50, 50. ಒಂದಕ್ಕೆ ನೈಸ್ 5 ಕೊಟ್ಟೆ. ಕ್ಷಣದಲ್ಲಿ 75, 25 ಆಯಿತು. 1024 ಮತ್ತು 335ರ ಪಾಲು ಲೆಕ್ಕ ಹಾಕಿದರೆ ಬರುವುದೂ ಅದೇ. ಎರಡನೇ ಲೂಪನ್ನು ಇನ್ನೊಂದು ಕೋರಿಗೆ ಕಳಿಸಿದೆ. ಎರಡೂ 100 ಆದವು. ನೈಸ್ ಬೆಲೆ ಬಾಳುವುದು ಪೈಪೋಟಿ ಇದ್ದಾಗ ಮಾತ್ರ. ಆಫೀಸಿನ ಮಷೀನಿನಲ್ಲಿ ಪೈಪೋಟಿಯೇ ಇರಲಿಲ್ಲ, ಕೋರ್‌ಗಳು ಖಾಲಿ ಇದ್ದವು. ಸಾಲದ್ದಕ್ಕೆ, ಕಂಟೇನರ್ ಒಳಗಿನ ನೈಸ್ ಅದೇ ಗುಂಪಿನ ಥ್ರೆಡ್‌ಗಳ ನಡುವೆ ಮಾತ್ರ ನಡೆಯುತ್ತದೆ. ಹೊರಗಿನವರ ಮೇಲೆ ಅದರ ಆಟ ನಡೆಯದು.

ಹಾಗಾದರೆ ನಮ್ಮ ಥ್ರೆಡ್‌ಗಳನ್ನು ತಡೆಹಿಡಿದವರು ಯಾರು? ಸುಳಿವು ತಡದ ಅಳತೆಯಲ್ಲೇ ಇತ್ತು. ಹೆಚ್ಚುವರಿ ತಡ 90 ಮಿಲಿಸೆಕೆಂಡಿನ ಆಸುಪಾಸಿಗೆ ಬಂದು ನಿಲ್ಲುತ್ತಿತ್ತು, 100 ದಾಟಿದ್ದು ಅಪರೂಪ. ನೆಟ್‌ವರ್ಕ್ ತೊಂದರೆ ಇಷ್ಟು ಶಿಸ್ತಾಗಿರುವುದಿಲ್ಲ. ಕಂಟೇನರ್‌ನ ಸಿಗ್ರೂಪ್ ಫೋಲ್ಡರಿಗೆ (ಕರ್ನಲ್ ಅದರ ಮಿತಿಗಳ ಲೆಕ್ಕ ಇಡುವ ಜಾಗ) ಹೋಗಿ ಸಿಪಿಯು.ಸ್ಟ್ಯಾಟ್ ಕಡತ ತೆರೆದೆ. ಎಷ್ಟು ಅವಧಿಗಳು ಕಳೆದವು, ಅದರಲ್ಲಿ ಎಷ್ಟು ಸಲ ಮಿತಿ ಮುಗಿದು ಬ್ರೇಕ್ ಬಿತ್ತು ಎಂಬ ಎರಡು ಸಾಲು ಅಲ್ಲಿರುತ್ತವೆ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿದೆ. ಎರಡನೇ ಸಂಖ್ಯೆಯೂ ಏರಿತ್ತು.

ಬೆಂಗಳೂರಿನ ಮನೆಗಳಲ್ಲಿ ಬೆಳೆದವರಿಗೆ ಇಂಥ ಪಡಿತರ ಹೊಸದಲ್ಲ. ನಮ್ಮ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. "ಎಲ್ಲಾ ನಲ್ಲಿ ಒಟ್ಟಿಗೆ ಬಿಡ್ಬೇಡ ಕಣೇ, ಟ್ಯಾಂಕ್ ಖಾಲಿಯಾದ್ರೆ ನಾಳೆವರೆಗೂ ಕಾಯ್ಬೇಕು" ಎಂದು ಅಮ್ಮ ಹೇಳುತ್ತಲೇ ಇರುತ್ತಿದ್ದರು. 2 ಸಿಪಿಯು ಮಿತಿ ಎಂದರೆ ಎರಡು ಕೋರ್‌ಗಳನ್ನು ನಮಗೆ ಬರೆದುಕೊಟ್ಟಂತಲ್ಲ. ಪ್ರತಿ 100 ಮಿಲಿಸೆಕೆಂಡಿಗೆ ಒಟ್ಟು 200 ಮಿಲಿಸೆಕೆಂಡಿನಷ್ಟು ಓಟ ಎಂದು ಅರ್ಥ. ಎರಡು ಥ್ರೆಡ್ ಇದ್ದರೆ ಅವಧಿಯುದ್ದಕ್ಕೂ ಸಾಕು. 32 ಥ್ರೆಡ್ 32 ಕೋರ್‌ಗಳಲ್ಲಿ ಒಮ್ಮೆಗೇ ಓಡಿದರೆ ಸುಮಾರು 6 ಮಿಲಿಸೆಕೆಂಡಿಗೇ ಟ್ಯಾಂಕ್ ಖಾಲಿ. ಉಳಿದ 94 ಮಿಲಿಸೆಕೆಂಡ್ ಎಲ್ಲರೂ ಕೈಕಟ್ಟಿ ಕೂರಬೇಕು, ಪಕ್ಕದ ಕೋರ್ ಖಾಲಿ ಇದ್ದರೂ. ನಿಮಿಷದ ಸರಾಸರಿ ತೋರಿಸುವ ಡ್ಯಾಶ್‌ಬೋರ್ಡಿಗೆ ಇದು ಕಾಣುವುದೇ ಇಲ್ಲ.

ಅಷ್ಟು ಥ್ರೆಡ್ ಒಮ್ಮೆಗೇ ಏಳುತ್ತಿದ್ದದ್ದು ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಗಾರ್ಬೇಜ್ ಕಲೆಕ್ಷನ್ ಶುರುವಾದಾಗ. ಗೋ ರನ್‌ಟೈಮ್ ತನ್ನ ಗೋಮ್ಯಾಕ್ಸ್‌ಪ್ರಾಕ್ಸ್ ಸಂಖ್ಯೆಯ (ಗೋ ಕೋಡ್ ಒಮ್ಮೆಗೆ ಎಷ್ಟು ಥ್ರೆಡ್‌ಗಳಲ್ಲಿ ಓಡಬಹುದು ಎಂಬ ಮಿತಿ) ಕಾಲು ಭಾಗವನ್ನು ಆ ಕೆಲಸಕ್ಕೇ ಮೀಸಲಿಡುತ್ತದೆ, ಸುಮ್ಮನಿರುವ ಉಳಿದವರನ್ನೂ ಎಳೆದುಕೊಳ್ಳುತ್ತದೆ. ನಾವು ಬಳಸುತ್ತಿದ್ದ ಆವೃತ್ತಿಗೆ ಕಂಟೇನರ್ ಮಿತಿ ತಿಳಿಯುತ್ತಿರಲಿಲ್ಲ. ಮಷೀನಿನ ಕೋರ್ ಎಣಿಸಿ 32 ಎಂದುಕೊಂಡಿತ್ತು. 2025ರಲ್ಲಿ ಬಂದ ಗೋ 1.25 ಮಿತಿಯನ್ನು ತಾನೇ ಓದಿಕೊಳ್ಳುತ್ತದೆ.

ಗೋಮ್ಯಾಕ್ಸ್‌ಪ್ರಾಕ್ಸ್ 2 ಎಂದು ಒಂದೇ ಸಾಲು ಸೇರಿಸಿ ಸಂಜೆ ಬಿಡುಗಡೆ ಮಾಡಿದೆವು. ಬ್ರೇಕ್ ಬಿದ್ದ ಲೆಕ್ಕ ಹೆಚ್ಚುಕಡಿಮೆ ನಿಂತೇಹೋಯಿತು, 110ರ ಗುಡ್ಡವೂ ಗ್ರಾಫಿನಿಂದ ಮಾಯವಾಯಿತು. 2023ರ ಲಿನಕ್ಸ್ 6.6ರಿಂದ ಸಿಎಫ್‌ಎಸ್ ಜಾಗಕ್ಕೆ ಇಇವಿಡಿಎಫ್ ಎಂಬ ಶೆಡ್ಯೂಲರ್ ಬಂದಿದೆ. ಮುಂದಿನ ಸರದಿ ಯಾರದು ಎಂದು ಆರಿಸುವ ರೀತಿ ಬದಲಾಗಿದೆ, ಈ 100 ಮಿಲಿಸೆಕೆಂಡಿನ ಪಡಿತರ ಹಾಗೇ ಇದೆ. ಆದ್ದರಿಂದ ಜನರಿಗೆ ನೇರವಾಗಿ ಉತ್ತರ ಕೊಡುವ ಸರ್ವಿಸ್‌ಗಳಿಗೆ ನಾನು ಈಗ ಗಟ್ಟಿ ಮಿತಿ ಹಾಕುವುದಿಲ್ಲ, ಪೈಪೋಟಿ ಇದ್ದಾಗಷ್ಟೇ ಪಾಲು ಹಂಚುವ ತೂಕ ಮಾತ್ರ ಕೊಡುತ್ತೇನೆ. ರಾತ್ರಿ ಓಡುವ ರಿಪೋರ್ಟ್ ಕೆಲಸಗಳಿಗೆ ಮಿತಿ ಇದ್ದೇ ಇದೆ. ಅವು 90 ಮಿಲಿಸೆಕೆಂಡ್ ಕಾದರೆ ಯಾರ ನಿದ್ದೆಯೂ ಕೆಡುವುದಿಲ್ಲ.