ಪೆನ್ನು ಯಾರ ಕಡೆ ಬಂತು?

ಧಾರವಾಡದ ಸಪ್ತಾಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರು ಹೆಚ್ಚಾಗಿ ಹಾವೇರಿ, ಗದಗ ಕಡೆಯಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರು. ಒಬ್ಬರ ನೋಟ್ಸು, ಪುಸ್ತಕ ಇನ್ನೊಬ್ಬರ ಚೀಲದಲ್ಲೇ ಇರುತ್ತವೆ. ಆದರೂ ಇವರನ್ನು ಜಾಸ್ತಿ ಕಾಡಿದ ಇಂಗ್ಲಿಷ್ ಕ್ರಿಯಾಪದ ‘ಬಾರೋ’ (borrow).

‘ಸರ್, ಬಾರೋ ಮೀ ಯುವರ್ ಪೆನ್’ ಅಂತ ಒಬ್ಬ ಕೇಳಿದ. ತಿದ್ದಿದೆ. ಮರುದಿನ ಮತ್ತೆ ಅದೇ. ‘ಬಾರೋ’ ಅಂದರೆ ಕಡ ತಗೊಳ್ಳೋದು, ‘ಲೆಂಡ್’ ಅಂದರೆ ಕಡ ಕೊಡೋದು ಅಂತ ಬೋರ್ಡ್ ಮೇಲೆ ಬರೆದರೂ ತಲೆಗೆ ಹತ್ತಲಿಲ್ಲ. ಆಮೇಲೆ ನನಗೇ ಹೊಳೆಯಿತು. ಕನ್ನಡದಲ್ಲಿ ಕಡ ಒಂದೇ. ಮುಂದೆ ‘ತಗೋ’, ‘ಕೊಡು’ ಸೇರಿಸಿ ದಿಕ್ಕು ಹೇಳುತ್ತೇವೆ. ಇಂಗ್ಲಿಷಿನಲ್ಲಿ ದಿಕ್ಕು ಪದದ ಒಳಗೇ ಕೂತಿದೆ. ಜರ್ಮನ್ ಭಾಷೆಯಲ್ಲಿ ‘ಬಾರೋ’ಗೆ ಬಳಗವಾದ ‘ಬೋರ್ಗೆನ್’ ಇದೆ. ಅದು ಇವತ್ತಿಗೂ ತಗೊಳ್ಳೋದಕ್ಕೂ ಕೊಡೋದಕ್ಕೂ ನಡೆಯುತ್ತದೆ. ಹಾಗಾಗಿ ಆ ಹುಡುಗನ ತಪ್ಪನ್ನು ದಡ್ಡತನ ಅನ್ನಲು ನನಗೆ ಮನಸ್ಸಿಲ್ಲ.

ದಾರಿ ತೋರಿಸಿದ್ದು ಹಿಂದಿನ ಬೆಂಚಿನ ಹುಡುಗ. ‘ಸರ್, ಇದು ಇಲ್ಲಿ ಬಾರೋ ಅಂತ ಕರದಂಗ ಕೇಳತೈತಲ್ರೀ’ ಅಂದ. ಅದನ್ನೇ ಹಿಡಿದುಕೊಂಡೆ. ಮೇಜಿನ ಮೇಲೆ ಪೆನ್ನು ಇಟ್ಟೆ. ‘ಐ ಬಾರೋ’ ಅಂದವನ ಕಡೆ ಪೆನ್ನು ಬರಬೇಕು. ಎಲ್ಲಿಂದ ಬಂತು? ಅದಕ್ಕೇ ಮುಂದೆ ‘ಫ್ರಮ್’. ‘ಐ ಲೆಂಡ್’ ಅಂದವನ ಕೈಯಿಂದ ಪೆನ್ನು ಹೋಗಬೇಕು. ಯಾರಿಗೆ? ಅಲ್ಲಿ ‘ಟು’. ಅರ್ಧ ತಾಸು ಪೆನ್ನು ಆಚೆ ಈಚೆ ಓಡಾಡಿತು. ಮಾತು ತಪ್ಪಿದರೆ ಪೆನ್ನು ಕೊಡುತ್ತಿರಲಿಲ್ಲ.

ಮೂಲವನ್ನೂ ಹೇಳಿದೆ. ಹಳೆ ಇಂಗ್ಲಿಷಿನಲ್ಲಿ ‘ಬೋರ್ಗ್’ ಅಂದರೆ ಜಾಮೀನು, ಒತ್ತೆ. ಅದರಿಂದ ಹುಟ್ಟಿದ್ದು ‘ಬೋರ್ಗಿಯನ್’, ಅದೇ ಸವೆದು ‘ಬಾರೋ’ ಆಯಿತು. ಒತ್ತೆ ಇಟ್ಟು ತರುವುದು ಮೊದಲಿನ ಅರ್ಥ. ಒತ್ತೆ ಬಿಟ್ಟುಹೋಯಿತು, ವಾಪಸ್ ಕೊಡುವ ಮಾತು ಉಳಿಯಿತು.

ಆಗ ಗದಗಿನ ಹುಡುಗಿ ಕೇಳಿದಳು: ‘ಹಂಗಾರ ಕಿರಾಣಿ ಅಂಗಡ್ಯಾಗ ಉದ್ರಿ ತರೋದೂ ಬಾರೋನ ಏನ್ರೀ ಸರ್?’

ಎಷ್ಟು ಒಳ್ಳೆ ಪ್ರಶ್ನೆ! ಅಲ್ಲ. ಉದ್ರಿ ತಂದ ಬೇಳೆ ನಿಮ್ಮದೇ ಆಯಿತು, ಕೊಡಬೇಕಾದ್ದು ರೊಕ್ಕ. ಅದಕ್ಕೆ ‘ಬೈ ಆನ್ ಕ್ರೆಡಿಟ್’ ಅನ್ನಬೇಕು. ಪಕ್ಕದ ಮನೆಯಿಂದ ಒಂದು ವಾಟಿ ಸಕ್ಕರೆ ತಂದರೆ ಮಾತ್ರ ‘ಬಾರೋ’. ಅದೇ ಸಕ್ಕರೆ ಅಲ್ಲದಿದ್ದರೂ ಅಷ್ಟೇ ಸಕ್ಕರೆ ತಿರುಗಿ ಹೋಗುತ್ತದೆ, ಅಲ್ವಾ? ಕೈಗಡ, ಬ್ಯಾಂಕಿನ ಸಾಲ, ಲೈಬ್ರರಿಯ ಎರವಲು ಪುಸ್ತಕ, ಎಲ್ಲಕ್ಕೂ ಇದೊಂದೇ ಪದ ಸಾಕು. ಆದರೆ ಎತ್ತಿಕೊಂಡು ಹೋಗಲಾಗದ್ದಕ್ಕೆ ಸಾಮಾನ್ಯವಾಗಿ ಇದು ಬರುವುದಿಲ್ಲ. ಪಕ್ಕದವರ ಬಚ್ಚಲಿಗೆ ‘ಯೂಸ್’ ಅನ್ನಬೇಕು.